ಅಂಗಡಿ ಜಗಲಿಯಿಂದ: ಬ್ರೇಕ್ ಆಯಿಲ್ ಎಣ್ಣೆಯಲ್ಲ



ತಾಳವಾಡಿಯ ಒಬ್ಬ ಓದುಗರು ಪತ್ರ ಬರೆದಿದ್ದಾರೆ. ದಿನಸಿ ವ್ಯಾಪಾರ ಮಾಡುವವರು. ಪತ್ರದ ಸಾರ ಇಷ್ಟು: "ಹಿರಿಯರೇ, ನಮ್ಮ ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಎಂದು ಬರೆದಿದೆ. ಅಂಗಡಿಯಲ್ಲಿ ಕೇಳಿದರೆ ಡಾಟ್ 4 ಕೊಡುತ್ತಾರೆ. ಮಗ ಡಾಟ್ 5 ತರಿಸುತ್ತೇನೆ ಎನ್ನುತ್ತಾನೆ. ನಂಬರು ದೊಡ್ಡದಾದಷ್ಟೂ ಮಾಲು ಒಳ್ಳೆಯದಲ್ಲವೇ? ನಮ್ಮ ಗಾಡಿ ವಾರಕ್ಕೆ ಎರಡು ಸಲ ದಿಂಬಂ ಘಾಟಿ ಇಳಿಯುತ್ತದೆ. ಯಾವುದನ್ನು ಹಾಕಿಸಲಿ?"

ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಅಂಥ ರಸ್ತೆಯಲ್ಲಿ ಓಡಾಡುವವರು ಈ ಪ್ರಶ್ನೆ ಕೇಳಿದ್ದು ಬಹಳ ಸಂತೋಷ. ಏಕೆಂದರೆ ಕಾರು ಕೊಳ್ಳುವಾಗ ಬಣ್ಣ ಯಾವುದು, ಸೀಟು ಎಂಥದು, ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು ವಾರಗಟ್ಟಲೆ ವಿಚಾರ ಮಾಡುವ ನಾವು, ಬ್ರೇಕ್ ಆಯಿಲ್ ಎಂದರೆ ಮೆಕ್ಯಾನಿಕ್ ಏನು ಹಾಕಿದರೂ ಸರಿ ಎಂದು ಬಿಟ್ಟುಬಿಡುತ್ತೇವೆ.

ಮೊದಲು ಚುಟುಕಾಗಿ ಉತ್ತರ ಹೇಳಿಬಿಡುತ್ತೇನೆ. ಡಾಟ್ 3 ಎಂದು ಬರೆದ ಗಾಡಿಗೆ ಡಾಟ್ 4 ಹಾಕಬಹುದು, ಘಾಟಿ ಇಳಿಯುವವರಿಗೆ ಅದೇ ಒಳ್ಳೆಯದು. ಡಾಟ್ 5 ಖಂಡಿತ ಬೇಡ. ಆದರೆ ನಂಬರಿಗಿಂತ ದೊಡ್ಡ ಸಂಗತಿ ಇನ್ನೊಂದಿದೆ. ಆ ಆಯಿಲ್ ಎಷ್ಟು ಹೊಸದು, ಎಷ್ಟು ಒಣಗಿದ್ದು ಎಂಬುದು. ಈ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ. 1998ರಲ್ಲಿ ನಮ್ಮ ವಯನಾಡಿನ ಚುರದಲ್ಲಿ, ಹೆತ್ತ ತಾಯಿಯನ್ನೂ ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು ಹೋಗುವಾಗ ಕಲಿತದ್ದು. ಅದನ್ನು ಮುಂದೆ ಹೇಳುತ್ತೇನೆ.

ಹೆಸರಿನಿಂದಲೇ ಬಂದ ತೊಂದರೆ

ನಾವೆಲ್ಲ ಬ್ರೇಕ್ ಆಯಿಲ್ ಎಂದೇ ಕರೆಯುತ್ತೇವೆ. ನನ್ನ ಅಂಗಡಿಯ ಬಿಲ್ಲಿನಲ್ಲಿಯೂ ಹಾಗೆಯೇ ಬರೆಯುತ್ತೇವೆ. ಆದರೆ ಬಾಟಲಿಯ ಮೇಲೆ ಬ್ರೇಕ್ ಫ್ಲೂಯಿಡ್ ಎಂದಿರುತ್ತದೆ, ಅದೇ ಸರಿಯಾದ ಹೆಸರು. ಈಗ ನಮ್ಮ ಕಾರುಗಳಲ್ಲಿರುವುದು ಗ್ಲೈಕಾಲ್ ಎಂಬ ಜಾತಿಯ ರಾಸಾಯನಿಕ ದ್ರವ. ಹಿಂದಿನ ಕಾಲದಲ್ಲಿ, ಅಂದರೆ ದ್ರವದ ಬ್ರೇಕು ಹೊಸದಾಗಿ ಬಂದಾಗ, ಹರಳೆಣ್ಣೆಗೆ ಮದ್ಯಸಾರ ಬೆರೆಸಿ ಬಳಸುತ್ತಿದ್ದರಂತೆ. ನಾಲ್ಕೂ ಚಕ್ರಕ್ಕೆ ದ್ರವದ ಬ್ರೇಕು ಇರುವ ಕಾರು ಅಮೆರಿಕದಲ್ಲಿ 1921ರಲ್ಲಿ ಬಂತು. ಹರಳೆಣ್ಣೆಯ ಕಾಲ ಹೋಯಿತು, ಆಯಿಲ್ ಎಂಬ ಹೆಸರು ಮಾತ್ರ ಉಳಿಯಿತು.

ಹೆಸರು ಏನಾದರೆ ಏನು ಎನ್ನಬೇಡಿ. ಕೆಲವು ವರ್ಷಗಳ ಹಿಂದೆ ನಮ್ಮ ಗಿರಾಕಿಯೊಬ್ಬರ ಡ್ರೈವರ್, ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗಿದೆ ಎಂದು, ಡಿಕ್ಕಿಯಲ್ಲಿದ್ದ ಇಂಜಿನ್ ಆಯಿಲನ್ನೇ ಅದಕ್ಕೆ ಸುರಿದ. ಅವನ ತಪ್ಪೇನು? ಎರಡೂ ಆಯಿಲ್ ತಾನೇ! ಕೆಲವೇ ದಿನದಲ್ಲಿ ಗಾಡಿ ಎಳೆಯದಾಯಿತು, ಚಕ್ರ ಕಾಯತೊಡಗಿತು. ಬ್ರೇಕಿನ ಒಳಗಿರುವ ರಬ್ಬರ್ ವಾಷರುಗಳು ಗ್ಲೈಕಾಲ್ ದ್ರವಕ್ಕೆ ಹೊಂದುವಂತೆ ಮಾಡಿದವು. ಪೆಟ್ರೋಲಿಯಂ ಎಣ್ಣೆ ತಗುಲಿದರೆ ನೀರಿನಲ್ಲಿ ನೆನೆಹಾಕಿದ ಕಡಲೆಯ ಹಾಗೆ ಉಬ್ಬುತ್ತವೆ. ಉಬ್ಬಿದ ವಾಷರ್ ಹಿಂದಕ್ಕೆ ಸರಿಯುವುದಿಲ್ಲ, ಬ್ರೇಕು ಹಿಡಿದುಕೊಂಡೇ ಇರುತ್ತದೆ. ಕೊನೆಗೆ ಮಾಸ್ಟರ್ ಸಿಲಿಂಡರಿನಿಂದ ನಾಲ್ಕು ಚಕ್ರದವರೆಗೆ ರಬ್ಬರಿನ ಸಾಮಾನನ್ನೆಲ್ಲ ಬದಲಾಯಿಸಬೇಕಾಯಿತು. ಒಂದು ಲೋಟ ಎಣ್ಣೆಯ ಬೆಲೆ ಅಷ್ಟಾಯಿತು. ಆದ್ದರಿಂದ ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿಡಿ: ಬ್ರೇಕಿನ ಡಬ್ಬಿಗೆ ಇಂಜಿನ್ ಆಯಿಲ್, ಗೇರ್ ಆಯಿಲ್, ಸ್ಟೀರಿಂಗ್ ಆಯಿಲ್ ಯಾವುದೂ ಒಂದು ತೊಟ್ಟೂ ಬೀಳಬಾರದು. ಬಿದ್ದರೆ ಗಾಡಿ ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ.

ದ್ರವ ಮಾಡುವ ಕೆಲಸ

ನಾನು ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ಆದರೂ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟ ಪಾಸ್ಕಲನ ನಿಯಮ ಹೊಟ್ಟೆಪಾಡಿಗೆ ಬಂತು. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ. ನೀವು ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ದ್ರವವನ್ನು ಒತ್ತುತ್ತದೆ, ದ್ರವ ಕೊಳವೆಯ ಮೂಲಕ ಚಕ್ರದ ಹತ್ತಿರ ಇರುವ ಪ್ಯಾಡನ್ನು ಒತ್ತುತ್ತದೆ, ಗಾಡಿ ನಿಲ್ಲುತ್ತದೆ. ನಿಮ್ಮ ಕಾಲಿಗೂ ಚಕ್ರಕ್ಕೂ ನಡುವೆ ಇರುವ ಸಂಬಂಧ ಆ ದ್ರವ ಒಂದೇ.

ಮಕ್ಕಳಿಗೆ ತೋರಿಸಲು ಒಂದು ಸುಲಭ ಪ್ರಯೋಗವಿದೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ನೀರು ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಕದಲುವುದಿಲ್ಲ. ಒಂದಿಷ್ಟು ಗಾಳಿ ಬಿಟ್ಟು ಒತ್ತಿ. ಸಲೀಸಾಗಿ ಒಳಗೆ ಹೋಗುತ್ತದೆ. ದ್ರವ ಅದುಮಿಕೊಳ್ಳುವುದಿಲ್ಲ, ಗಾಳಿಯೂ ಆವಿಯೂ ಅದುಮಿಕೊಳ್ಳುತ್ತವೆ. ಬ್ರೇಕಿನ ಕೊಳವೆಯಲ್ಲಿ ಆವಿ ಹುಟ್ಟಿತೆಂದರೆ ನೀವು ತುಳಿದ ಬಲವೆಲ್ಲ ಆವಿಯನ್ನು ಅದುಮುವುದರಲ್ಲಿಯೇ ಮುಗಿದುಹೋಗುತ್ತದೆ. ಚಕ್ರಕ್ಕೆ ಮುಟ್ಟುವುದೇ ಇಲ್ಲ.

ಆವಿ ಹೇಗೆ ಹುಟ್ಟುತ್ತದೆ? ಶಾಖದಿಂದ. ಘಾಟಿ ಇಳಿಯುವಾಗ ಎಷ್ಟು ಶಾಖ ಹುಟ್ಟುತ್ತದೆ ಎಂದು ಇಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗಳನ್ನು ಕೇಳಿದೆ. ಜನರೂ ಸಾಮಾನೂ ಸೇರಿ 1200 ಕಿಲೋ ತೂಗುವ ಕಾರು 600 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಮೇಲೆ ಇಳಿದರೆ, 20 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ ಹುಟ್ಟುತ್ತದೆ ಎಂದು ಲೆಕ್ಕ ಹಾಕಿ ಕೊಟ್ಟಳು. ಒಂದು ಹಂಡೆ ನೀರು! ಬಹುಪಾಲು ಶಾಖ ಗಾಳಿಗೆ ಹೋಗುತ್ತದೆ ನಿಜ. ಆದರೆ ಒಂದು ಪಾಲು ಪ್ಯಾಡಿನ ಹಿಂದೆ ನಿಂತಿರುವ ಒಂದೆರಡು ಚಮಚ ದ್ರವಕ್ಕೂ ತಗಲುತ್ತದೆ. ಆ ಒಂದೆರಡು ಚಮಚ ಕುದಿಯಬಾರದು. ಬ್ರೇಕ್ ಆಯಿಲ್ ಆರಿಸುವುದು ಎಂದರೆ ಇಷ್ಟೇ.

1998ರ ಅಕ್ಟೋಬರ್

ನಾನು ಕಲ್ಪೆಟ್ಟದಲ್ಲಿ ಗಾಡಿ ಬಿಡಿಭಾಗಗಳ ಅಂಗಡಿ ತೆರೆದದ್ದು 1984ರಲ್ಲಿ. ಆಗ ಬ್ರೇಕ್ ಆಯಿಲನ್ನು ದೊಡ್ಡ ಡಬ್ಬದಲ್ಲಿ ತರಿಸಿ, ಗಿರಾಕಿ ತಂದ ಬಾಟಲಿಗೆ ನೂರು, ಇನ್ನೂರು ಮಿಲಿ ಅಳೆದು ಕೊಡುತ್ತಿದ್ದೆ. ಸೀಮೆಎಣ್ಣೆ ಅಳೆದ ಹಾಗೆ. ಜೀಪಿನವರಿಗೆ, ಟ್ಯಾಕ್ಸಿಯವರಿಗೆ ಅಗ್ಗ ಬೀಳುತ್ತಿತ್ತು, ನನಗೂ ನಾಲ್ಕು ಕಾಸು ಉಳಿಯುತ್ತಿತ್ತು.

ಆ ವರ್ಷ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಅಕ್ಕನ ಮಗಳ ನಿಶ್ಚಿತಾರ್ಥ. ಹಿಂದಿನ ದಿನ ಮೆಕ್ಯಾನಿಕ್ ಕಾರು ನೋಡಿ, "ಆಯಿಲ್ ಕಪ್ಪಾಗಿದೆ, ಪೂರ್ತಿ ತೆಗೆದು ಹೊಸದು ಹಾಕೋಣ" ಎಂದ. ನಾನು, "ಈಗ ಬೇಡಪ್ಪ, ಕಡಿಮೆ ಇದ್ದಷ್ಟು ತುಂಬಿಸು ಸಾಕು" ಎಂದೆ. ತುಂಬಿಸಿದ್ದಾದರೂ ಏನನ್ನು? ಮಳೆಗಾಲಕ್ಕೆ ಮುಂಚೆ ತೆರೆದ ಡಬ್ಬದ ತಳದಲ್ಲಿ ಉಳಿದಿದ್ದನ್ನು. ನಮ್ಮ ವಯನಾಡಿನ ಮಳೆ ನಿಮಗೆ ಗೊತ್ತೇ ಇದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಉಪ್ಪಿನ ಮರಿಗೆಯಲ್ಲಿ ನೀರೂರುತ್ತದೆ, ಗೋಡೆ ಬೆವರುತ್ತದೆ. ಆ ನಾಲ್ಕು ತಿಂಗಳೂ ನನ್ನ ಡಬ್ಬ ಅರೆಬರೆ ಮುಚ್ಚಳದಲ್ಲಿ ಶೆಲ್ಫಿನ ಮೇಲೆ ಕುಳಿತಿತ್ತು.

ಮಧ್ಯಾಹ್ನ ಹೊರಡುವುದು ತಡವಾಯಿತು. ಅಮ್ಮನಿಗೆ ಸೂರ್ಯಾಸ್ತಕ್ಕೆ ಮುಂಚೆ ಊಟವಾಗಬೇಕು, ಹೊತ್ತಿಗೆ ಸರಿಯಾಗಿ ಅಕ್ಕನ ಮನೆ ಮುಟ್ಟಬೇಕು ಎಂಬ ಅವಸರ. ಕಾರಿನಲ್ಲಿ ಅಮ್ಮ, ನನ್ನ ಹೆಂಡತಿ, ಇಬ್ಬರು ಮಕ್ಕಳು, ಹಿಂದೆ ಒಂದು ಚೀಲ ಕಾಫಿ, ಬಾಳೆಗೊನೆ, ನಿಶ್ಚಿತಾರ್ಥದ ಸಾಮಾನು. ಲಕ್ಕಿಡಿಯಿಂದ ಅಡಿವಾರದವರೆಗೆ ತಾಮರಶ್ಶೇರಿ ಚುರದಲ್ಲಿ ಒಂಬತ್ತು ಹೇರ್‌ಪಿನ್ ತಿರುವುಗಳು. ಮೇಲಿನಿಂದ ಇಳಿಯುವವರಿಗೆ ಒಂಬತ್ತನೆಯದೇ ಮೊದಲು ಸಿಗುತ್ತದೆ. ಆಗ ನನಗೆ ಇನ್ನೊಂದು ಕೆಟ್ಟ ಅಭ್ಯಾಸವಿತ್ತು. ಪೆಟ್ರೋಲ್ ಉಳಿಯಲಿ ಎಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬ್ರೇಕಿನ ಮೇಲೆಯೇ ಇಳಿಸುವುದು.

ನಾಲ್ಕನೆಯ ತಿರುವು ಹತ್ತಿರವಾದಾಗ ಪೆಡಲ್ ತುಳಿದೆ. ಹತ್ತಿ ದಿಂಬಿನ ಮೇಲೆ ಕಾಲಿಟ್ಟ ಹಾಗಾಯಿತು. ಇನ್ನೂ ತುಳಿದೆ, ಪೆಡಲ್ ನೆಲಕ್ಕೆ ಹೋಗಿ ಕೂತಿತು, ಗಾಡಿ ನಿಲ್ಲಲಿಲ್ಲ. ಎದುರಿನಿಂದ ಬಸ್ಸು ಏರಿ ಬರುತ್ತಿತ್ತು. ಹೆಂಡತಿ ಏನೋ ಕೂಗಿದಳು. ನಾನು ಪೆಡಲನ್ನು ಮತ್ತೆ ಮತ್ತೆ ತುಳಿಯುತ್ತಾ, ಹೇಗೋ ಮೂರನೆಯ ಗೇರಿಗೆ, ಆಮೇಲೆ ಎರಡಕ್ಕೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕಾರನ್ನು ಗುಡ್ಡದ ಬದಿಯ ಚರಂಡಿಗೆ ಇಳಿಸಿದೆ. ಎಡಗಡೆಯ ಮಡ್‌ಗಾರ್ಡ್ ನುಗ್ಗಾಯಿತು. ಅಮ್ಮನ ಮೊಣಕೈ ತರಚಿತು, ಬಳೆ ಒಡೆಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಆಚೆ ಬದಿಗೆ ಇದ್ದದ್ದು ಕಣಿವೆ.

ಮುಕ್ಕಾಲು ಗಂಟೆ ಕಳೆದ ಮೇಲೆ ವೈತ್ತಿರಿಯಿಂದ ಮೆಕ್ಯಾನಿಕ್ ಬಂದ. ಕೂತು ಪೆಡಲ್ ತುಳಿದು ನೋಡಿ, "ಬ್ರೇಕು ಚೆನ್ನಾಗಿಯೇ ಇದೆಯಲ್ಲ" ಎಂದ. ನಾನು ತುಳಿದೆ. ಕಲ್ಲಿನ ಹಾಗೆ ಗಟ್ಟಿ! ಜನ ನನ್ನ ಮುಖ ನೋಡಿದರು. ಬ್ರೇಕ್ ಆಯಿಲ್ ಕುದಿಯುವುದರಲ್ಲಿ ಇರುವ ಮೋಸವೇ ಇದು. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಸರಿಹೋಗುತ್ತದೆ, ಸಾಕ್ಷಿ ಉಳಿಯುವುದಿಲ್ಲ. ಡ್ರೈವರ್ ಹೆದರಿದ, ಸುಳ್ಳು ಹೇಳಿದ ಎನ್ನುತ್ತಾರೆ.

ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತಿದ್ದ ಅಮ್ಮ ಹೆಚ್ಚು ಮಾತಾಡಲಿಲ್ಲ. "ನಿನ್ನ ಅಂಗಡಿಯಲ್ಲೇ ಸಿಗುವ ವಸ್ತು. ನಿನ್ನ ಗಾಡಿಗೇ ಇರಲಿಲ್ಲವೇನಪ್ಪಾ?" ಎಂದಷ್ಟೇ ಕೇಳಿದರು. ಆ ಸಂಜೆ ಅವರು ಊಟ ಮಾಡಲಿಲ್ಲ. ಮುಟ್ಟುವಾಗ ಹೊತ್ತು ಮುಳುಗಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಗಾಡಿಯ ಮಾತು ಇರಲಿ, ಅದೇ ಡಬ್ಬದಿಂದ ಎಷ್ಟು ಜನಕ್ಕೆ ಅಳೆದು ಕೊಟ್ಟಿದ್ದೇನೆ? ಊರಿಗೆ ಬಂದವನೇ ಖಾತೆ ಪುಸ್ತಕ ತೆಗೆದೆ. ಉದ್ದರಿ ಬರೆಸಿದವರು ಹದಿನೇಳು ಜನ ಸಿಕ್ಕಿದರು. ಎಲ್ಲರ ಮನೆಗೂ ಹೋಗಿ ಸೀಲ್ ಒಡೆಯದ ಬಾಟಲಿ ಕೊಟ್ಟು, "ಹಳೆಯದನ್ನು ತೆಗೆಸಿ ಇದನ್ನು ಹಾಕಿಸಿ, ಕೂಲಿ ನನ್ನದು" ಎಂದೆ. ಕೆಲವರು ನಕ್ಕರು. ರೊಕ್ಕ ಕೊಟ್ಟು ಒಯ್ದವರ ಹೆಸರು ಪುಸ್ತಕದಲ್ಲಿ ಇರಲಿಲ್ಲ, ಅವರನ್ನು ಹುಡುಕಲಾಗಲಿಲ್ಲ. ಆ ಲೆಕ್ಕ ಇವತ್ತಿಗೂ ಮುಗಿದಿಲ್ಲ. ಅಂದಿನಿಂದ ನನ್ನ ಅಂಗಡಿಯಲ್ಲಿ ಬ್ರೇಕ್ ಆಯಿಲನ್ನು ಬಿಡಿಯಾಗಿ ಮಾರುವುದಿಲ್ಲ. ಈ ಪುಟ ಓದುವ ನಮ್ಮವರಲ್ಲಿ ಬಿಡಿಭಾಗಗಳ ವ್ಯಾಪಾರ ಮಾಡುವವರು ಇದ್ದೀರಿ. ನಿಮಗೂ ಅದನ್ನೇ ಹೇಳುತ್ತೇನೆ.

ತೇವವೇ ಶತ್ರು

ಕಾಳುಮೆಣಸು, ಕಾಫಿ ಕೊಳ್ಳುವ ನಾವು ಮೊದಲು ನೋಡುವುದೇ ತೇವಾಂಶ. ಒಂದು ಪಾಲು ಹೆಚ್ಚಿದ್ದರೆ ಬೆಲೆ ಇಳಿಸುತ್ತೇವೆ. ಬ್ರೇಕ್ ಆಯಿಲಿನ ಗುಣವೂ ಹಾಗೆಯೇ. ಗ್ಲೈಕಾಲ್ ದ್ರವ ಗಾಳಿಯಲ್ಲಿನ ತೇವವನ್ನು ತಾನಾಗಿ ಎಳೆದುಕೊಳ್ಳುತ್ತದೆ. ತೆರೆದ ಬಾಟಲಿಯಲ್ಲಿ ಬೇಗ, ಗಾಡಿಯಲ್ಲಿ ನಿಧಾನವಾಗಿ. ರಬ್ಬರ್ ಹೋಸಿನ ಮೂಲಕವೂ ಡಬ್ಬಿಯ ಮುಚ್ಚಳದ ಮೂಲಕವೂ ವರ್ಷಗಟ್ಟಲೆ ತೇವ ಒಳಸೇರುತ್ತದೆ. ನೀರು ಸೇರಿದ ಹಾಗೆ ಕುದಿಯುವ ಮಟ್ಟ ಇಳಿಯುತ್ತದೆ.

ಡಾಟ್ ಎಂಬುದು ಅಮೆರಿಕದ ಸಾರಿಗೆ ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಆ ಇಲಾಖೆಯ ನಿಯಮದಂತೆ ಪ್ರತಿ ದರ್ಜೆಗೂ ಎರಡು ಕನಿಷ್ಠ ಮಟ್ಟಗಳಿವೆ. ಒಂದು ಹೊಸ, ಒಣ ದ್ರವಕ್ಕೆ. ಇನ್ನೊಂದು ನೂರಕ್ಕೆ ಸುಮಾರು 3.7 ಪಾಲು ನೀರು ಸೇರಿದ ದ್ರವಕ್ಕೆ.

ಡಾಟ್ 3: ಹೊಸದು 205 ಡಿಗ್ರಿ, ನೀರು ಸೇರಿದ್ದು 140 ಡಿಗ್ರಿ.
ಡಾಟ್ 4: ಹೊಸದು 230 ಡಿಗ್ರಿ, ನೀರು ಸೇರಿದ್ದು 155 ಡಿಗ್ರಿ.
ಡಾಟ್ 5.1: ಹೊಸದು 260 ಡಿಗ್ರಿ, ನೀರು ಸೇರಿದ್ದು 180 ಡಿಗ್ರಿ.

ಎಲ್ಲ ಸೆಲ್ಸಿಯಸ್ ಲೆಕ್ಕ. ಈ ಪಟ್ಟಿಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ನೀರು ಸೇರಿದ ಡಾಟ್ 5.1 ಹೊಸ ಡಾಟ್ 3ಕ್ಕಿಂತ ಕೆಳಗಿದೆ. ದುಬಾರಿ ಬಾಟಲಿ ಹಾಕಿಸಿ ಐದು ವರ್ಷ ಮರೆತವನಿಗಿಂತ, ಸಾದಾ ಬಾಟಲಿಯನ್ನು ಕಾಲಕಾಲಕ್ಕೆ ಬದಲಾಯಿಸುವವನು ಕ್ಷೇಮ. ತಾಳವಾಡಿಯ ಬಂಧುಗಳಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದು.

ಯಾವುದಕ್ಕೆ ಯಾವುದು?

ಮೊದಲ ನಿಯಮ: ಡಬ್ಬಿಯ ಮುಚ್ಚಳ ಮತ್ತು ಕಾರಿನ ಜೊತೆ ಕೊಟ್ಟ ಕೈಪಿಡಿ ಏನು ಹೇಳುತ್ತವೋ ಅದು. ಅಂಗಡಿಯವನು, ಮೆಕ್ಯಾನಿಕ್, ನಾನು, ಎಲ್ಲರೂ ಅದರ ನಂತರ.

ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಕುಲದವೇ. ಒಂದಕ್ಕೊಂದು ಬೆರೆತರೆ ಕೆಡುಕಿಲ್ಲ, ಆದರೆ ಬೆರೆತ ಮೇಲೆ ಮೇಲಿನ ದರ್ಜೆಯ ಗುಣ ಉಳಿಯುವುದಿಲ್ಲ. ಡಾಟ್ 3ರ ಗಾಡಿಗೆ ಡಾಟ್ 4 ನಡೆಯುತ್ತದೆ. ಡಾಟ್ 4 ಕೇಳುವ ಗಾಡಿಗೆ ಡಾಟ್ 3 ಹಾಕಬಾರದು. ಮೇಲೇರಬಹುದು, ಕೆಳಗಿಳಿಯಬಾರದು ಎಂದು ನೆನಪಿಟ್ಟುಕೊಳ್ಳಿ. ತುಂಬಾ ಹಳೆಯ ಕಾಲದ ಗಾಡಿ ಇಟ್ಟುಕೊಂಡವರು ಮಾತ್ರ ಒಳಗಿನ ರಬ್ಬರ್ ಯಾವ ಬಗೆಯದು ಎಂದು ತಿಳಿದವರನ್ನು ಕೇಳಿ ಹಾಕಿಸಿ.

ಹೊಸ ಗಾಡಿಗಳಲ್ಲಿ ಇನ್ನೊಂದು ಸಂಗತಿ ಇದೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎ.ಬಿ.ಎಸ್. ಕಡ್ಡಾಯವಾಯಿತು. ತಟ್ಟನೆ ತುಳಿದಾಗ ಚಕ್ರ ಜಾರದಂತೆ ಬ್ರೇಕನ್ನು ಕ್ಷಣಕ್ಷಣಕ್ಕೂ ಹಿಡಿದು ಬಿಡುವ ವ್ಯವಸ್ಥೆ ಅದು. ಅದರೊಳಗೆ ಸಣ್ಣ ಸಣ್ಣ ಕವಾಟಗಳಿವೆ, ಅವುಗಳಲ್ಲಿ ದ್ರವ ಚುರುಕಾಗಿ ಹರಿಯಬೇಕು. ಆದ್ದರಿಂದ ಕೆಲವು ಕಾರುಗಳ ಕೈಪಿಡಿಯಲ್ಲಿ ಡಾಟ್ 4 ಎಲ್.ವಿ. ಎಂದಿರುತ್ತದೆ. ತೆಳುವಾದದ್ದು ಎಂದರ್ಥ. ಹಾಗೆ ಬರೆದಿದ್ದರೆ ಅದನ್ನೇ ಕೇಳಿ ಕೊಳ್ಳಿ.

ಇನ್ನು ಡಾಟ್ 5. ಹೆಸರು ನೋಡಿದರೆ ಡಾಟ್ 4ರ ಅಣ್ಣ ಎಂದು ತೋರುತ್ತದೆ. ಕುಲವೇ ಬೇರೆ. ಅದು ಸಿಲಿಕೋನ್. ನೀರನ್ನು ಎಳೆದುಕೊಳ್ಳುವುದಿಲ್ಲ, ಕೇಳುವುದಕ್ಕೆ ಒಳ್ಳೆಯ ಗುಣವೇ. ಆದರೆ ಹೇಗೋ ಒಳಸೇರಿದ ನೀರು ಅದರಲ್ಲಿ ಕರಗದೆ ಹನಿಹನಿಯಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ನಿಂತಲ್ಲಿ ತುಕ್ಕು ಹಿಡಿಸುತ್ತದೆ, ನೂರು ಡಿಗ್ರಿಗೇ ಕುದಿಯುತ್ತದೆ. ಗ್ಲೈಕಾಲ್ ದ್ರವದೊಂದಿಗೆ ಇದು ಬೆರೆಯುವುದಿಲ್ಲ. ಎ.ಬಿ.ಎಸ್. ಇರುವ ಗಾಡಿಗಂತೂ ಸಲ್ಲದು. ಗುರುತಿಗೆ ನೇರಳೆ ಬಣ್ಣದಲ್ಲಿ ಬರುತ್ತದೆ. ನಮ್ಮ ಮನೆಗಳ ಕಾರಿಗೆ ಅದರ ಅಗತ್ಯ ಇಲ್ಲವೇ ಇಲ್ಲ. 5 ಮತ್ತು 5.1 ಒಂದೇ ಅಲ್ಲ ಎಂದು ಆ ಮಗನಿಗೆ ತಿಳಿಸಿ ಹೇಳಿ. ಚುಕ್ಕೆಯ ಆಚೆಗಿನ ಆ ಒಂದರಲ್ಲಿ ಎಲ್ಲ ಇದೆ.

ಕೊಳ್ಳುವಾಗ ನೋಡಬೇಕಾದ್ದು

ಬಾಟಲಿಯ ಸೀಲ್ ಒಡೆದಿರಬಾರದು. ದರ್ಜೆ, ತಯಾರಿಸಿದ ತಿಂಗಳು, ಬ್ಯಾಚ್ ನಂಬರು ಸ್ಪಷ್ಟವಾಗಿ ಅಚ್ಚಾಗಿರಬೇಕು. ನಮ್ಮ ದೇಶದ ಮಾನಕದ ಸಂಖ್ಯೆ ಐ.ಎಸ್. 8654, ಅದು ಇದೆಯೇ ನೋಡಿ. ಬಿಲ್ಲು ಕೇಳಿ ಪಡೆಯಿರಿ. ನಕಲಿ ಮಾಲು ಮಾರುವವನು ಬಿಲ್ಲು ಕೊಡಲು ಹಿಂಜರಿಯುತ್ತಾನೆ.

ಬೇಕಾದಷ್ಟೇ ಕೊಳ್ಳಿ. ಸಾಮಾನ್ಯ ಕಾರಿಗೆ ಪೂರ್ತಿ ಬದಲಾಯಿಸಲು ಅರ್ಧ ಲೀಟರಿನಿಂದ ಒಂದು ಲೀಟರ್ ಸಾಕು. ದೊಡ್ಡ ಡಬ್ಬ ಅಗ್ಗ ಎಂದು ತಂದು ಉಳಿದದ್ದನ್ನು ಮನೆಯ ಅಟ್ಟದಲ್ಲಿಡುವುದು ನಷ್ಟದ ವ್ಯಾಪಾರ. ತೆರೆದು ಉಳಿದದ್ದನ್ನು ಮತ್ತೆ ಬ್ರೇಕಿಗೆ ಬಳಸಬೇಡಿ. ನೂರಿನ್ನೂರು ರೂಪಾಯಿ ಉಳಿಸಲು ಹೋದವನ ಕಥೆ ಈಗಾಗಲೇ ಓದಿದ್ದೀರಿ.

ಇನ್ನೊಂದು ಎಚ್ಚರಿಕೆ. ಇದು ವಿಷ. ತಂಪು ಪಾನೀಯದ ಬಾಟಲಿಗೆ ತುಂಬಿಸಿಡಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕಾರಿನ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ಕಿತ್ತುಬಿಡುತ್ತದೆ. ಒರೆಸುತ್ತಾ ಕೂರದೆ ಕೂಡಲೇ ಧಾರಾಳ ನೀರು ಸುರಿದು ತೊಳೆಯಿರಿ.

ಬದಲಾಯಿಸುವುದು ಯಾವಾಗ?

ಕೈಪಿಡಿಯಲ್ಲಿ ಹೇಳಿದ ಅವಧಿಗೆ. ಸಾಮಾನ್ಯವಾಗಿ ಎರಡು ವರ್ಷ. ಗಾಡಿ ಓಡಲಿ, ಷೆಡ್ಡಿನಲ್ಲಿ ನಿಂತಿರಲಿ, ತೇವಕ್ಕೆ ಅದರ ಲೆಕ್ಕವಿಲ್ಲ. "ನಮ್ಮ ಕಾರು ಓಡಿದ್ದೇ ಎಂಟು ಸಾವಿರ ಕಿಲೋಮೀಟರ್" ಎಂದು ಸಮಾಧಾನ ಪಡಬೇಡಿ. ವಯನಾಡು, ನೀಲಗಿರಿ, ಕಾಸರಗೋಡು, ಗೋವೆಯಂಥ ಮಳೆಯ ಸೀಮೆಯವರು, ಘಾಟಿ ಇಳಿಯುವವರು ಎರಡು ವರ್ಷ ದಾಟಿಸದಿರುವುದು ಒಳ್ಳೆಯದು. ನಾನಂತೂ ಮಳೆಗಾಲ ಮುಗಿದ ಮೇಲೆ ಮಾಡಿಸುತ್ತೇನೆ.

ಬಣ್ಣ ನೋಡಿ ನಿರ್ಧರಿಸಬೇಡಿ. ಕಪ್ಪಾದದ್ದು ಹಳೆಯದು ಎಂಬುದು ನಿಜ, ಆದರೆ ತಿಳಿಯಾಗಿ ಕಾಣುವುದರಲ್ಲಿಯೂ ನೀರು ಇರಬಹುದು. ಪೆನ್ನಿನ ಆಕಾರದ ಉಪಕರಣ ಅದ್ದಿ ದೀಪ ತೋರಿಸುವ ಗ್ಯಾರೇಜುಗಳಿವೆ. ಅದು ಅಂದಾಜು ಮಾತ್ರ. ಹಸಿರು ದೀಪ ಬಂತೆಂದು ಅವಧಿ ಮೀರಿಸಬೇಡಿ.

ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಸುಮ್ಮನೆ ತುಂಬಿಸಿ ಮರೆಯಬೇಡಿ. ಪ್ಯಾಡು ಸವೆದಂತೆ ಮಟ್ಟ ಸ್ವಲ್ಪ ಸ್ವಲ್ಪ ಇಳಿಯುವುದು ಸಹಜ, ಆಗ ಪ್ಯಾಡು ನೋಡಿಸಬೇಕು. ಬೇಗ ಇಳಿದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ, ಆಗ ಗಾಡಿ ಓಡಿಸಲೇಬಾರದು. ಬದಲಾಯಿಸುವಾಗಲೂ ಮೇಲಿನ ಡಬ್ಬಿಯದನ್ನು ಮಾತ್ರ ಹೀರಿ ತೆಗೆದು ಹೊಸದು ಸುರಿದರೆ ಸಾಲದು. ಕುದಿಯುವ ದ್ರವ ಇರುವುದು ಚಕ್ರದ ಹತ್ತಿರ. ನಾಲ್ಕೂ ಚಕ್ರದ ನಿಪ್ಪಲ್ ಸಡಿಲಿಸಿ, ಹಳೆಯದು ಹೋಗಿ ಹೊಸದು ಗುಳ್ಳೆ ಇಲ್ಲದೆ ಬರುವವರೆಗೆ ಬಿಡಬೇಕು. ನಮ್ಮ ಕಡೆ ಏರ್ ತೆಗೆಯುವುದು ಎನ್ನುತ್ತಾರೆ. ಹತ್ತಿರ ನಿಂತು ನೋಡಿ, ನಾಚಿಕೆ ಬೇಡ. ಗದ್ದಿಗೆಯ ಮೇಲೆ ಕೂತು ಲೆಕ್ಕ ನೋಡುವಷ್ಟೇ ಮುಖ್ಯ ಇದು. ಎ.ಬಿ.ಎಸ್. ಇರುವ ಕೆಲವು ಗಾಡಿಗಳಿಗೆ ಇದಕ್ಕೆ ಬೇರೆ ಯಂತ್ರ ಬೇಕಾಗುತ್ತದೆ, ಅಂಥವನ್ನು ಅದು ಇರುವ ಕಡೆಯೇ ಒಯ್ಯಿರಿ. ನೀರು ಸೇರಿದ ದ್ರವ ಎ.ಬಿ.ಎಸ್.ನ ಕವಾಟಗಳಿಗೆ ತುಕ್ಕು ಹಿಡಿಸಿದರೆ ಖರ್ಚು ಬಾಟಲಿಯ ಬೆಲೆಯ ನೂರು ಪಟ್ಟಾದರೂ ಆಗಬಹುದು.

ಆಯಿಲ್ ಹೊಸದಾದರೆ ಸಾಲದು

ಎಂಥ ಒಳ್ಳೆಯ ದ್ರವ ಹಾಕಿದರೂ ನನ್ನ ಹಾಗೆ ನ್ಯೂಟ್ರಲ್‌ನಲ್ಲಿ ಘಾಟಿ ಇಳಿದರೆ ಅದೂ ಸೋಲುತ್ತದೆ. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಿಂದಿನ ಲಾರಿ ಡ್ರೈವರುಗಳು ಹೇಳುತ್ತಿದ್ದ ಮಾತು ಇಂದಿಗೂ ಸರಿ. ಇಂಜಿನ್ ಗಾಡಿಯನ್ನು ಹಿಡಿದಿರುತ್ತದೆ, ಬ್ರೇಕಿಗೆ ತಣ್ಣಗಾಗಲು ಬಿಡುವು ಸಿಗುತ್ತದೆ. ಇಳಿಜಾರಿನಲ್ಲಿ ಇಂಜಿನ್ ಆರಿಸಲೇಬೇಡಿ. ಪೆಡಲಿನ ಮೇಲೆ ಕಾಲು ಊರಿಕೊಂಡೇ ಇರಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ತುಳಿದು ವೇಗ ಇಳಿಸಿ, ಬಿಟ್ಟುಬಿಡಿ.

ಪೆಡಲ್ ಮೆತ್ತಗಾದರೆ ದ್ರವ ಕುದಿಯತೊಡಗಿದೆ ಎಂದು ತಿಳಿಯಿರಿ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡು ಅತಿಯಾಗಿ ಕಾದಿದೆ ಎಂದು. ಎರಡಕ್ಕೂ ಮದ್ದು ಒಂದೇ: ಸುರಕ್ಷಿತ ಜಾಗ ಕಂಡ ಕೂಡಲೇ ನಿಲ್ಲಿಸಿ, ಅರ್ಧ ಮುಕ್ಕಾಲು ಗಂಟೆ ತಣ್ಣಗಾಗಲು ಬಿಡಿ. ಕಾದ ಚಕ್ರಕ್ಕೆ ನೀರು ಹಾಕಬೇಡಿ, ಡಿಸ್ಕ್ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ನಿಲ್ಲುವುದೇ ಇಲ್ಲ ಎನ್ನುವ ಸ್ಥಿತಿ ಬಂದರೆ ಪೆಡಲನ್ನು ಪಂಪಿನ ಹಾಗೆ ಬೇಗ ಬೇಗ ತುಳಿಯಿರಿ, ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್ ಬ್ರೇಕನ್ನು ಜಗ್ಗದೆ ನಿಧಾನವಾಗಿ ಎಳೆಯಿರಿ. ಕೈಯಿಂದ ಎಳೆಯುವ ಹ್ಯಾಂಡ್ ಬ್ರೇಕ್ ತಂತಿಯಿಂದ ನಡೆಯುವಂಥದು, ಅದಕ್ಕೆ ಆಯಿಲಿನ ಹಂಗಿಲ್ಲ. ನಮ್ಮನ್ನು ಉಳಿಸಿದ್ದು ಅದೇ.

ಸೊಲ್ಲಾಪುರ, ಜತ್ತ, ಆದೋನಿ ಕಡೆಯ ಬಯಲು ಸೀಮೆಯವರು ನಮಗೇಕೆ ಇದೆಲ್ಲ ಎನ್ನಬಹುದು. ಘಾಟಿಯ ಜನ ದಿನಾ ಇಳಿಯುತ್ತಾರೆ, ಅವರ ಕಾಲಿಗೆ ಅಭ್ಯಾಸವಿರುತ್ತದೆ. ನೀವು ವರ್ಷಕ್ಕೊಮ್ಮೆ ರಜೆಯಲ್ಲಿ, ಮನೆಮಂದಿಯನ್ನೆಲ್ಲ ತುಂಬಿಕೊಂಡು, ಮೂಡಬಿದಿರೆಗೋ ಊಟಿಗೋ ಹೊರಡುತ್ತೀರಿ. ನಾಲ್ಕು ವರ್ಷದ ಹಳೆಯ ಆಯಿಲ್, ಘಾಟಿ ಕಾಣದ ಡ್ರೈವರ್, 36 ತಿರುವುಗಳ ಕಲ್ಲಹಟ್ಟಿಯಂಥ ರಸ್ತೆ. ಇವು ಮೂರೂ ಒಂದೇ ದಿನ ಕೂಡುತ್ತವೆ. ಆದ್ದರಿಂದ ಯಾತ್ರೆಗೆ ಹೊರಡುವ ವಾರದ ಮುಂಚೆ ಟೈರಿನ ಗಾಳಿ ನೋಡಿಸುವ ಹಾಗೆ ಬ್ರೇಕ್ ಆಯಿಲ್ ಹಾಕಿಸಿದ ತಾರೀಖನ್ನೂ ನೋಡಿ. ತಾರೀಖು ನೆನಪಿಲ್ಲದಿದ್ದರೆ ಬದಲಾಯಿಸುವ ಕಾಲ ಬಂದಿದೆ ಎಂದೇ ಲೆಕ್ಕ.

ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ ಇದೆ. ಆಯಿಲ್ ಬದಲಾಯಿಸಿದ ದಿನ ತಾರೀಖು ಬರೆದ ಚೀಟಿಯನ್ನು ಬಾನೆಟ್ಟಿನ ಒಳಗೆ ಅಂಟಿಸುತ್ತೇವೆ. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುವಾಗ ಮೊದಲ ಪುಟದಲ್ಲಿಯೂ ಬರೆದಿಡುತ್ತೇನೆ. ಅಮ್ಮ ಇರುವವರೆಗೆ ಘಾಟಿ ಇಳಿಯುವ ದಿನ ಬೆಳಿಗ್ಗೆ, "ಎಣ್ಣೆ ನೋಡಿದೆಯಾ?" ಎಂದು ಕೇಳಿಯೇ ಗಾಡಿ ಹತ್ತುತ್ತಿದ್ದರು. ಅದು ಎಣ್ಣೆಯಲ್ಲಮ್ಮ ಎಂದು ನಾನು ತಿದ್ದಲಿಲ್ಲ. ನೋಡಿದ್ದೇನೆ ಎನ್ನುತ್ತಿದ್ದೆ. ನೋಡಿಯೂ ಇರುತ್ತಿದ್ದೆ.

ಮುಂದಿನ ತಿಂಗಳು ಟೈರಿನ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದುವ ಬಗೆ ನೋಡೋಣ. ಪ್ರಶ್ನೆಗಳಿದ್ದರೆ ಬರೆಯಿರಿ.